ಎಪ್ಸಿಲಾನ್ ಒಂದಾದರೆ ಡೆಲ್ಟಾ ಎಷ್ಟು?

ಪಿಯುಸಿ ಗಣಿತದಲ್ಲಿ ನನಗೆ 96 ಬಂದಿತ್ತು. ಆದರೂ ಬಿ.ಎಸ್ಸಿ. ಸೇರಿದೆ ಎಂದು ಗೊತ್ತಾದಾಗ ಸಾಗರದ ದೊಡ್ಡಪ್ಪ ಬಾಯಲ್ಲಿದ್ದ ಕವಳ ಉಗಿದು ಬಂದು, ದನಿ ತಗ್ಗಿಸಿ ಕೇಳಿದರು: "ಸಿಇಟಿ ಕೈ ಕೊಟ್ಟಿತೇನೋ ಮಾರಾಯ?" ಇಷ್ಟಪಟ್ಟೇ ಸೇರಿದ್ದು ಎಂದರೆ ಅವರಿಗೆ ಅದು ಇನ್ನೂ ದೊಡ್ಡ ದುಃಖದ ಸುದ್ದಿಯಂತೆ ಕಂಡಿತು. "ಇರಲಿ ಬಿಡು, ಮೇಷ್ಟ್ರಾದರೂ ಆಗಬಹುದು" ಎಂದು ಸಮಾಧಾನ ಹೇಳಿ ಹೋದರು.

2006ರಿಂದ 2009ರವರೆಗೆ ಶಿವಮೊಗ್ಗದಲ್ಲಿ ಓದಿದೆ. ಭೌತ, ರಸಾಯನ, ಗಣಿತ, ಅಂದರೆ ಪಿಸಿಎಂ. ಓದಿದೆ ಎನ್ನುವುದಕ್ಕಿಂತ ಉರು ಹೊಡೆದೆ ಎನ್ನುವುದೇ ಸರಿ. ಹಿಂದಿನ ಹತ್ತು ವರ್ಷದ ಪ್ರಶ್ನೆಪತ್ರಿಕೆ ಹರಡಿಕೊಂಡರೆ ಯಾವ ಥಿಯರಮ್ ಯಾವ ವರ್ಷ ಬಂದಿದೆ, ಈ ಸಲ ಯಾವುದು ಬರಲೇಬೇಕು ಎಂದು ಹೇಳಬಲ್ಲವನಾಗಿದ್ದೆ. ಲಗ್ರಾಂಜ್ ಥಿಯರಮ್‌ನ ಸಾಧನೆಯನ್ನು ಹಾಸ್ಟೆಲ್ ತಾರಸಿಯ ಮೇಲೆ ಅಡ್ಡಾಡುತ್ತಾ, ಮಂತ್ರ ಹೇಳಿದ ಹಾಗೆ ಬಾಯಿಪಾಠ ಮಾಡಿದ್ದು ನೆನಪಿದೆ. ಗ್ರೂಪ್‌ಗೆ ಜಿ ಬದಲು ಕೆ ಎಂದು ಹೆಸರಿಟ್ಟಿದ್ದರೆ ನನ್ನ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಎರಡನೇ ವರ್ಷ ಗಣಿತದಲ್ಲಿ ನೂರಕ್ಕೆ 98.

ಆ ಬೇಸಿಗೆಯಲ್ಲಿ ಎಂಟಿಟಿಎಸ್ ಶಿಬಿರಕ್ಕೆ ಹೋದೆ. 1993ರಲ್ಲಿ ಪ್ರೊಫೆಸರ್ ಎಸ್. ಕುಮರೇಶನ್ ಶುರು ಮಾಡಿದ, ಪದವಿ ವಿದ್ಯಾರ್ಥಿಗಳಿಗೆಂದೇ ನಡೆಯುವ ನಾಲ್ಕು ವಾರದ ಗಣಿತ ಶಿಬಿರ ಅದು. ನೋಟಿಸ್ ಬೋರ್ಡಿನಲ್ಲಿ ಎನ್‌ಎಸ್‌ಎಸ್ ಪ್ರಕಟಣೆಯ ಅಡಿ ಅರ್ಧ ಮುಚ್ಚಿಹೋಗಿದ್ದ ಹಾಳೆಯನ್ನು ನಾನು ಓದಿದ್ದು ಆಕಸ್ಮಿಕ. ಎರಡನೇ ದಿನ ಮೇಷ್ಟ್ರು ನನ್ನನ್ನು ಎಬ್ಬಿಸಿ ಕಂಟಿನ್ಯುಯಿಟಿಯ ವ್ಯಾಖ್ಯೆ ಕೇಳಿದರು. 'ಪ್ರತಿಯೊಂದು ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇರುತ್ತದೆ' ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಚಾಕ್‌ಪೀಸ್ ನನ್ನ ಕೈಗೆ ಕೊಟ್ಟರು. "ಎಕ್ಸ್ ಸ್ಕ್ವೇರ್ ತಗೊಳ್ಳಿ. ಬಿಂದು 3. ಎಪ್ಸಿಲಾನ್ 1. ಡೆಲ್ಟಾ ಎಷ್ಟು?"

ನಿಂತೆ. ಫ್ಯಾನು ತಿರುಗುತ್ತಿತ್ತು. ಎರಡು ವರ್ಷದಲ್ಲಿ ಡೆಲ್ಟಾಗೆ ಒಂದು ಬೆಲೆ ಇರಬಹುದು ಎಂದೇ ನನಗೆ ಹೊಳೆದಿರಲಿಲ್ಲ. ಅದು ಬರೀ ಸಾಧನೆಯ ಸಾಲಿನಲ್ಲಿ ಬಂದುಹೋಗುವ ಒಂದು ಗ್ರೀಕ್ ಅಕ್ಷರ. ಮೇಷ್ಟ್ರು ಉತ್ತರ ಹೇಳಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ಎಕ್ಸ್ ಮೂರರಿಂದ ಒಂದಕ್ಕಿಂತ ದೂರ ಹೋಗದಿದ್ದರೆ ಎಕ್ಸ್ ಪ್ಲಸ್ 3 ಎಷ್ಟರೊಳಗೆ ಇರುತ್ತದೆ ಎಂದಷ್ಟೇ ಕೇಳಿದರು. ಏಳರೊಳಗೆ. ಹಾಗಾದರೆ? ಡೆಲ್ಟಾ ಏಳರಲ್ಲಿ ಒಂದು ಭಾಗ ಸಾಕು! ಅದನ್ನು ಬರೆಯುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ನನ್ನ 98 ಅಂಕ ಯಾವುದಕ್ಕೆ ಬಂದದ್ದು ಎಂಬುದು ಆ ಬೋರ್ಡಿನ ಮುಂದೆ ತಿಳಿಯಿತು.

ಅಲ್ಲೇ ಗೊತ್ತಾದ ಇನ್ನೊಂದು ವಿಷಯ ಹೆಚ್ಚು ಚುಚ್ಚಿತು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಓದುತ್ತಿದ್ದ. ಪಿಯುಸಿ ಆದಮೇಲೆ ಒಂದು ಪ್ರವೇಶ ಪರೀಕ್ಷೆ. ಸೇರಿದರೆ ತಿಂಗಳಿಗೆ ಸ್ಟೈಪೆಂಡ್ ಬೇರೆ. ನಮ್ಮೂರಿನಿಂದ ಒಂದು ರಾತ್ರಿ ಬಸ್ಸಿನ ದೂರದಲ್ಲಿದ್ದ ಆ ಜಾಗದ ಹೆಸರನ್ನು ಪಿಯುಸಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಎಂಬ ಪರೀಕ್ಷೆ ಇದೆ ಎಂದು ತಿಳಿದದ್ದೂ ಅದೇ ಶಿಬಿರದಲ್ಲಿ. ಬರೆದೆ, ಸಿಗಲಿಲ್ಲ. ಎರಡು ವರ್ಷದ ಬಾಯಿಪಾಠವನ್ನು ಒಂದು ವರ್ಷದಲ್ಲಿ ಕಳಚಿ ಹಾಕುವುದು ಆಗುವ ಮಾತಲ್ಲ. ಎಂ.ಎಸ್ಸಿ.ಯನ್ನು ನಮ್ಮ ವಿಶ್ವವಿದ್ಯಾಲಯದಲ್ಲೇ ಮುಗಿಸಿದೆ.

ಆಮೇಲೆ ದೊಡ್ಡಪ್ಪನ ಮಾತು ನಿಜವಾಗಿ, ಒಂದು ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕನಾದೆ. ಈ ಹೆಸರು ಇಟ್ಟವರ ಕನ್ನಡ ಜ್ಞಾನವನ್ನು ಮೆಚ್ಚಬೇಕು: ಅತಿಥಿ ಎಂದರೆ ಎದ್ದು ಹೋಗಬೇಕಾದವನು. ಸಂಬಳ ಮೂರ್ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು, ರಜೆಯಲ್ಲಿ ಬರುತ್ತಲೇ ಇರಲಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಎರಡನೇ ಸಲಕ್ಕೆ ಪಾಸಾಯಿತು. ಆದರೆ ಅರ್ಹತೆ ಬೇರೆ, ಹುದ್ದೆ ಬೇರೆ. 2012ರಲ್ಲಿ ರಾಮಾನುಜನ್ ಹುಟ್ಟಿದ ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನವಾಗಿ ಬಂದಾಗ ನಮ್ಮಲ್ಲೂ ರಂಗೋಲಿ ಸ್ಪರ್ಧೆ ನಡೆಯಿತು. ಮೂವರು ಭಾಷಣಕಾರರೂ 1729ರ ಕಥೆಯನ್ನೇ ಹೇಳಿದರು. ಎರಡು ಘನಗಳ ಮೊತ್ತವಾಗಿ ಅದನ್ನು ಎರಡು ಬಗೆಯಲ್ಲಿ ಬರೆದು ತೋರಿಸಿ ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ, ವಂದನಾರ್ಪಣೆಗೆ ಹೊತ್ತಾಯಿತು ಎಂದರು. ಊಟದ ಹೊತ್ತಿನಲ್ಲಿ ಅವಳೇ ಕಂಡುಹಿಡಿದಿದ್ದಳು: 1 ಮತ್ತು 12, 9 ಮತ್ತು 10. ನಾನು ಕಲಿಸಿದ ಎರಡು ವರ್ಷದಲ್ಲಿ ನನಗೆ ತೃಪ್ತಿ ಕೊಟ್ಟ ಕೆಲವೇ ಕ್ಷಣಗಳಲ್ಲಿ ಅದೊಂದು, ಮತ್ತು ಅದರಲ್ಲಿ ನನ್ನ ಪಾಲು ಏನೂ ಇಲ್ಲ.

2013ರಲ್ಲಿ ಬೆಂಗಳೂರಿಗೆ ಬಂದು ವಿಮಾ ಕಂಪನಿಯೊಂದನ್ನು ಸೇರಿದೆ. ಎಕ್ಸೆಲ್ ಶೀಟ್ ತುಂಬುವ ಕೆಲಸ. ಸ್ಟಾಟಿಸ್ಟಿಕ್ಸ್ ಇದ್ದ ಕಾಂಬಿನೇಷನ್ ತೆಗೆದುಕೊಂಡಿದ್ದರೆ ಎಂದು ಕೈ ಹಿಸುಕಿಕೊಂಡದ್ದು ಇಲ್ಲಿ. ಸಂಭವನೀಯತೆಯನ್ನು ಇಪ್ಪತ್ತೈದು ದಾಟಿದ ಮೇಲೆ, ರಾತ್ರಿ ಕೂತು ಕಲಿತೆ. ಸಹೋದ್ಯೋಗಿಗಳನ್ನು ನೋಡಿ, ವಿಮೆಯ ಅಪಾಯ ಲೆಕ್ಕ ಹಾಕುವ ಆಕ್ಚುರಿಗಳ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದೆ. ಕೆಲವು ಪೇಪರ್ ಆಗಿವೆ, ಬೇಕಾದಷ್ಟು ಉಳಿದಿವೆ.

ನಾನು ಕಲಿತ ಗಣಿತ ನೇರವಾಗಿ ಉಪಯೋಗಕ್ಕೆ ಬಂತೇ ಎಂದು ಕೇಳುವವರಿದ್ದಾರೆ. ಗ್ರೂಪ್ ಥಿಯರಿಯಿಂದ ನಾನು ಈವರೆಗೆ ಒಂದು ರೂಪಾಯಿ ದುಡಿದಿಲ್ಲ. ಆದರೆ ಸೇರಿದ ಆರನೇ ತಿಂಗಳಲ್ಲಿ ಒಂದು ವರದಿ ಕೈಗೆ ಬಂತು: ಶಾಖೆಗಳಲ್ಲಿ ಅರ್ಧಕ್ಕೇ ನಿಂತುಹೋಗುವ ಪಾಲಿಸಿಗಳ ಪ್ರಮಾಣ ಶೇ. 30. ಶಾಖೆಗಳ ಶೇಕಡಾವಾರುಗಳನ್ನು ಕೂಡಿಸಿ, ಶಾಖೆಗಳ ಸಂಖ್ಯೆಯಿಂದ ಭಾಗಿಸಿದ್ದರು. ಹತ್ತು ಪಾಲಿಸಿಯ ಶಾಖೆಯಲ್ಲಿ ಐದು ನಿಂತರೆ ಶೇ. 50, 990 ಪಾಲಿಸಿಯ ಶಾಖೆಯಲ್ಲಿ 99 ನಿಂತರೆ ಶೇ. 10. ಸರಾಸರಿ 30 ಎನ್ನುತ್ತೀರಾ? ಒಟ್ಟು ಸಾವಿರದಲ್ಲಿ ನಿಂತದ್ದು 104, ಅಂದರೆ ಶೇ. 10.4. ಇದು ಹೈಸ್ಕೂಲ್ ಲೆಕ್ಕ. ಹತ್ತು ಜನರ ಕೈ ದಾಟಿ ಬಂದಿದ್ದ ಆ ಹಾಳೆಯಲ್ಲಿ 'ಈ ಸಾಲು ಹೇಗೆ ಬಂತು' ಎಂದು ಕೇಳುವ ಚಟ ಮಾತ್ರ ಹೈಸ್ಕೂಲಿನದ್ದಲ್ಲ, ಬಿ.ಎಸ್ಸಿ. ತರಗತಿಯದ್ದೂ ಅಲ್ಲ. ಆ ಚಾಕ್‌ಪೀಸಿನದ್ದು.

ಈಗ ಅಕ್ಕನ ಮಗಳು ಬಿ.ಎಸ್ಸಿ. ಗಣಿತ ಓದುತ್ತಿದ್ದಾಳೆ. ಅವಳ ಹಿಂದಿನ ಬ್ಯಾಚಿನವರು ನಾಲ್ಕು ವರ್ಷದ ಹೊಸ ಶಿಕ್ಷಣ ನೀತಿಯವರು; 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು, ಇವಳದ್ದು ಮೂರೇ. ಕೆಲಸ ಸಿಗುತ್ತದಾ ಮಾಮ ಎಂದು ಅವಳು ಕೇಳಿದ್ದು ಒಂದೇ ಸಲ. ಪದವಿಯೊಂದನ್ನೇ ನೋಡಿ ಯಾರೂ ಬಾಗಿಲು ತೆಗೆಯುವುದಿಲ್ಲ, ಪಾಠ ಮಾಡಲು ಬಿ.ಎಡ್., ನೆಟ್, ಸೆಟ್, ಮುಂದೆ ಓದಲು ಜ್ಯಾಮ್, ವಿಮೆಗೆ ಆಕ್ಚುರಿ ಪೇಪರ್, ಒಂದೊಂದಕ್ಕೂ ಬೇರೆ ಬೀಗದಕೈ, ಮೊದಲ ವರ್ಷವೇ ನೋಡಿಕೊಂಡಿರು, ಸಿಕ್ಕಿದರೆ ಸ್ಟಾಟಿಸ್ಟಿಕ್ಸ್ ಬಿಡಬೇಡ ಎಂದೆ. ಕೋಡಿಂಗ್ ಅವಳೇ ಕಲಿಯುತ್ತಿದ್ದಳು.

ಮೊನ್ನೆ ವಾಟ್ಸಾಪ್‌ನಲ್ಲಿ ಬೇರೆ ಪ್ರಶ್ನೆ ಬಂತು. ಲಗ್ರಾಂಜ್ ಥಿಯರಮ್‌ನ ವಿಲೋಮ ನಿಜವಲ್ಲ, ಎ-ಫೋರ್ ಎಂಬ ಗ್ರೂಪ್‌ನಲ್ಲಿ 12 ಸದಸ್ಯರಿದ್ದರೂ ಆರರ ಸಬ್‌ಗ್ರೂಪ್ ಇಲ್ಲ ಎಂದು ನೋಟ್ಸಿನಲ್ಲಿದೆ, ಯಾಕಿಲ್ಲ? ಎರಡು ಮಾರ್ಕಿಗೆ ನಾನೂ ಬರೆದ ಸಾಲು ಅದು. ಯಾಕೆ ಎಂದು ಬರೆಯಲು ಎರಡು ಸಂಜೆ ಹಿಡಿಯಿತು: ಅಂಥದ್ದು ಇದ್ದರೆ ಪ್ರತಿ ಸದಸ್ಯನ ವರ್ಗವೂ ಅದರೊಳಗೆ ಬೀಳಬೇಕು, ಮೂರರ ಚಕ್ರಗಳು ಎಂಟಿವೆ, ಎಂಟೂ ಯಾವುದಾದರೊಂದರ ವರ್ಗವೇ, ಆರರ ಚೀಲದಲ್ಲಿ ಎಂಟು ಹಿಡಿಯುವುದಿಲ್ಲ. ಖುಷಿಯಿಂದ ಫೋಟೊ ತೆಗೆದು ಕಳಿಸಿದೆ. ಹತ್ತು ನಿಮಿಷದಲ್ಲಿ ಅದೇ ಫೋಟೊ ವಾಪಸ್ ಬಂತು, ಮೊದಲ ಸಾಲಿನ ಸುತ್ತ ಕೆಂಪು ಗೆರೆ. "ಮಾಮ, ವರ್ಗ ಒಳಗೇ ಬೀಳಬೇಕು ಅಂತ ಯಾರು ಹೇಳಿದ್ದು?"