ವಾಲ್ವು ವರ್ಧಕಕ್ಕೆ ಮರುಜೀವ

ವಿದ್ಯುತ್ ಸಂಜ್ಞೆಯೊಂದನ್ನು ಅದರ ರೂಪ ಕೆಡದಂತೆ ಹಿಗ್ಗಿಸಿಕೊಡುವ ಉಪಕರಣಕ್ಕೆ ಆಂಪ್ಲಿಫೈಯರು ಅಥವಾ ವರ್ಧಕವೆಂದು ಹೆಸರು. ಗ್ರಾಮಫೋನಿನ ಮುಳ್ಳು ತಟ್ಟೆಯ ಗೀರಿನಲ್ಲಿ ಸಾಗುವಾಗ ಹುಟ್ಟುವ ವಿದ್ಯುತ್ತು ಕೆಲವೇ ಮಿಲಿವೋಲ್ಟುಗಳಷ್ಟು. ಸ್ಪೀಕರಿನ ಪರದೆಯನ್ನು ನಡುಗಿಸಲು ಅದು ಏನೇನೂ ಸಾಲದು. ಇವೆರಡರ ನಡುವೆ ನಿಂತು ಕೆಲಸಮಾಡುವುದೇ ವರ್ಧಕ. ಈ ಕೆಲಸವನ್ನು ಇಂದು ಟ್ರಾನ್ಸಿಸ್ಟರುಗಳೂ ಅವುಗಳ ಸಂತತಿಯಾದ ಸೂಕ್ಷ್ಮ ಮಂಡಲಗಳೂ ಮಾಡುತ್ತಿವೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದನ್ನು ಮಾಡುತ್ತಿದ್ದುದು ಗಾಜಿನ ನಿರ್ವಾತ ನಳಿಕೆಗಳು. ನಮ್ಮ ದೇಶದ ರೇಡಿಯೋ ರಿಪೇರಿಯವರ ಮಾತಿನಲ್ಲಿ ವಾಲ್ವುಗಳು.

ಆ ಕಾಲದ ವಾಲ್ವು ವರ್ಧಕಗಳನ್ನು ಹುಡುಕಿ ಕೊಂಡು, ರಿಪೇರಿ ಮಾಡಿ, ಮತ್ತೆ ಹಾಡಿಸುವ ಹವ್ಯಾಸವು ಹಲವು ದೇಶಗಳಲ್ಲಿ ಬೆಳೆದಿದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರಷ್ಟು ಫಲ ಕೊಡುವ ಹವ್ಯಾಸ ವಿರಳ. ಅರಿಯದೆ ಕೈಹಾಕಿದರೆ ಇದರಷ್ಟು ಅಪಾಯಕರವಾದದ್ದೂ ವಿರಳ. ಅರವತ್ತು ವರ್ಷ ಹಳೆಯ ಉಪಕರಣದಲ್ಲಿ ಯಾವ ಯಾವ ಭಾಗವು ಯಾವ ಕಾರಣದಿಂದ ಮುಪ್ಪಾಗುತ್ತದೆ, ಅದನ್ನು ಅಳತೆಯಿಂದ ಕಂಡುಹಿಡಿಯುವ ಬಗೆ ಹೇಗೆ ಎಂಬುದನ್ನು ಒಂದು ನಿಜವಾದ ಉದಾಹರಣೆಯ ಮೂಲಕ ಇಲ್ಲಿ ವಿಚಾರಿಸೋಣ.

ವಾಲ್ವು ಕೆಲಸಮಾಡುವ ರೀತಿ

ಕಾಯಿಸಿದ ಲೋಹದಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಈ ಗುಣವನ್ನು ಬಳಸಿಕೊಂಡು ಇಂಗ್ಲೆಂಡಿನ ಫ್ಲೆಮಿಂಗ್ ಎಂಬ ವಿಜ್ಞಾನಿ 1904ರಲ್ಲಿ ಎರಡು ಧ್ರುವಗಳ ವಾಲ್ವನ್ನು ನಿರ್ಮಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಧ್ರುವವೊಂದನ್ನು ಸೇರಿಸಿದನು. ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಧನ ವಿಭವವುಳ್ಳ ಪ್ಲೇಟಿನ ಕಡೆಗೆ ಓಡುವ ದಾರಿಯಲ್ಲಿ ತಂತಿಯ ಜಾಲರಿಯೊಂದು ನಿಂತಿರುತ್ತದೆ. ಇದೇ ಗ್ರಿಡ್ಡು. ಗ್ರಿಡ್ಡಿಗೆ ಋಣ ವಿಭವವನ್ನು ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಹಿಮ್ಮೆಟ್ಟಿಸುತ್ತದೆ. ನಾಲೆಯ ತೂಬನ್ನು ತುಸುವೇ ಎತ್ತಿ ಇಳಿಸುವುದರಿಂದ ನೀರಿನ ದೊಡ್ಡ ಹರಿವನ್ನು ಹೇಗೆ ಹತೋಟಿಯಲ್ಲಿಡಬಹುದೋ ಹಾಗೆಯೇ ಗ್ರಿಡ್ಡಿನ ಅಲ್ಪ ಏರಿಳಿತವು ಪ್ಲೇಟಿನ ಪ್ರವಾಹವನ್ನು ಬಹುವಾಗಿ ಏರಿಳಿಸುತ್ತದೆ. ವರ್ಧನೆಯ ರಹಸ್ಯವೆಲ್ಲ ಇಷ್ಟೇ.

ಗ್ರಿಡ್ಡಿಗೆ ಕೊಡುವ ಸ್ಥಿರವಾದ ಋಣ ವಿಭವಕ್ಕೆ ಬಯಾಸ್ ಎನ್ನುತ್ತಾರೆ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ಕಥೆಯ ಬಹುಭಾಗವು ಬಯಾಸಿನ ಕಥೆಯೇ.

ಸ್ಟೀರಿಯೊ 70

ಎರಡು ವಾಹಿನಿಗಳಲ್ಲಿ ಧ್ವನಿಯನ್ನು ಮುದ್ರಿಸುವ ಸ್ಟೀರಿಯೊ ತಟ್ಟೆಗಳು 1958ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಅದರ ಬೆನ್ನಿಗೇ, 1959ರಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದ ಡೈನಾಕೊ ಕಂಪನಿಯು ಸ್ಟೀರಿಯೊ 70 ಎಂಬ ವರ್ಧಕವನ್ನು ಹೊರತಂದಿತು. ಇದರ ಹಿಂದೆ ಇದ್ದವನು ಡೇವಿಡ್ ಹ್ಯಾಫ್ಲರ್. ವಾಹಿನಿಯೊಂದಕ್ಕೆ 35 ವಾಟಿನಂತೆ ಒಟ್ಟು 70 ವಾಟು. ಹೆಸರು ಬಂದುದು ಹೀಗೆ. ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳುವಂತೆ ಬಿಡಿಭಾಗಗಳ ಕಟ್ಟಾಗಿಯೂ ಅದನ್ನು ಮಾರುತ್ತಿದ್ದರು. ಲಕ್ಷಗಟ್ಟಲೆ ಮಾರಾಟವಾದ ಕಾರಣ ಹಳೆಯ ಸಾಮಾನುಗಳ ಪೇಟೆಯಲ್ಲಿ ಇದು ಇಂದಿಗೂ ಸಿಕ್ಕುತ್ತದೆ. ಹೊಸ ಬಿಡಿಭಾಗಗಳೂ ದೊರೆಯುತ್ತವೆ. ಹವ್ಯಾಸಿಗಳು ಇದನ್ನು ಮೊದಲ ಪಾಠವಾಗಿ ಆರಿಸಿಕೊಳ್ಳುವುದು ಇದಕ್ಕಾಗಿಯೇ.

ಇದರಲ್ಲಿ ಏಳು ವಾಲ್ವುಗಳಿವೆ. ಪರ್ಯಾಯ ಪ್ರವಾಹವನ್ನು ಏಕಮುಖ ಪ್ರವಾಹವನ್ನಾಗಿ ಮಾಡುವ ಜಿಝಡ್ 34 ಒಂದು. ಸಂಜ್ಞೆಯನ್ನು ಹಿಗ್ಗಿಸಿ, ಒಂದಕ್ಕೊಂದು ವಿರುದ್ಧವಾದ ಎರಡು ಪ್ರತಿಗಳನ್ನಾಗಿ ಒಡೆಯುವ 7199 ಎರಡು. ಸ್ಪೀಕರಿಗೆ ಬೇಕಾದ ಶಕ್ತಿಯನ್ನು ಒದಗಿಸುವ ಇಎಲ್ 34 ನಾಲ್ಕು. ವಾಹಿನಿಗೆ ಎರಡರಂತೆ ಇಎಲ್ 34 ವಾಲ್ವುಗಳು ಗರಗಸದ ಎರಡು ಹಿಡಿಗಳನ್ನು ಹಿಡಿದ ಇಬ್ಬರಂತೆ, ಒಂದು ಎಳೆದಾಗ ಇನ್ನೊಂದು ಬಿಡುತ್ತ ಕೆಲಸಮಾಡುತ್ತವೆ.

ವಾಲ್ವು ಹೆಚ್ಚು ವೋಲ್ಟು ಕಡಿಮೆ ಪ್ರವಾಹದ ಸಾಧನ. ಸ್ಪೀಕರು ಕಡಿಮೆ ವೋಲ್ಟು ಹೆಚ್ಚು ಪ್ರವಾಹದ ಸಾಧನ. ಇವೆರಡನ್ನು ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಇಲ್ಲಿ ವಾಲ್ವುಗಳ ಕಡೆ 4300 ಓಮು, ಸ್ಪೀಕರಿನ ಕಡೆ 8 ಓಮು. ಸುತ್ತುಗಳ ನಿಷ್ಪತ್ತಿ ಈ ಎರಡರ ಭಾಗಲಬ್ಧದ ವರ್ಗಮೂಲ, ಎಂದರೆ ಸುಮಾರು 23. ಇದೇ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುವಿನಿಂದ ಒಂದು ತಂತಿಯನ್ನು ತೆಗೆದು ವಾಲ್ವಿನ ಎರಡನೆಯ ಗ್ರಿಡ್ಡಿಗೆ ಕೊಟ್ಟರೆ ಶಕ್ತಿಯೂ ಹೆಚ್ಚು ಕುಂದದೆ ವಿಕಾರವೂ ಇಳಿಯುತ್ತದೆ. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೀನ್ 1937ರಲ್ಲೇ ಈ ಉಪಾಯಕ್ಕೆ ಪೇಟೆಂಟು ಪಡೆದಿದ್ದನು. ಹ್ಯಾಫ್ಲರನೂ ಅವನ ಜೊತೆಗಾರ ಕೆರೋಸನೂ 1951ರಲ್ಲಿ ಅದನ್ನು ಬಳಕೆಗೆ ತಂದರು. ವರ್ಧಕದ ಬೆಲೆ ಇರುವುದು ಮಿನುಗುವ ವಾಲ್ವುಗಳಲ್ಲಲ್ಲ, ಕಪ್ಪು ಕಬ್ಬಿಣದ ಈ ಗಡ್ಡೆಗಳಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊಳ್ಳುವ ಮುನ್ನ

ಆದುದರಿಂದ ಕೊಳ್ಳುವವರು ಮೊದಲು ಪರೀಕ್ಷಿಸತಕ್ಕದ್ದು ಟ್ರಾನ್ಸ್‌ಫಾರ್ಮರುಗಳನ್ನು. ಸುಟ್ಟ ವಾಸನೆ, ಕರಗಿ ಸೋರಿದ ಮೇಣ ಅಥವಾ ಟಾರು ಕಂಡರೆ ಸಂದೇಹಪಡಬೇಕು. ವರ್ಧಕವನ್ನು ವಿದ್ಯುತ್ತಿಗೆ ಸೇರಿಸದೆಯೇ ಓಮು ಮಾಪಕದಿಂದ ಪ್ರತಿ ಸುರುಳಿಯ ರೋಧವನ್ನು ಅಳೆಯಬಹುದು. ಎರಡು ವಾಹಿನಿಗಳ ಟ್ರಾನ್ಸ್‌ಫಾರ್ಮರುಗಳು ಸರಿಸುಮಾರು ಒಂದೇ ಅಂಕೆಯನ್ನು ತೋರಿಸಬೇಕು. ಒಂದೇ ಸುರುಳಿಯ ಎರಡು ಅರ್ಧಗಳು ಮಾತ್ರ ಸ್ವಲ್ಪ ಬೇರೆಯಾದರೆ ಹೆದರಬೇಕಾಗಿಲ್ಲ. ಸುತ್ತುಗಳ ಸಂಖ್ಯೆ ಸಮವಾಗಿದ್ದರೂ ಹೊರಗಿನ ಪದರದ ಸುತ್ತು ದೊಡ್ಡದಾದುದರಿಂದ ಅಲ್ಲಿ ತಂತಿಯ ಉದ್ದ ಹೆಚ್ಚು, ರೋಧವೂ ಹೆಚ್ಚು.

ಎರಡನೆಯದು ಬೆಸುಗೆ. ಮನೆಮನೆಗಳಲ್ಲಿ ಜೋಡಿಸಿದ ಯಂತ್ರವಾದುದರಿಂದ ಒಂದೊಂದರ ಕೈಕೆಲಸವೂ ಒಂದೊಂದು ತೆರ. ಹೊಳಪಿಲ್ಲದೆ ಗಂಟುಗಂಟಾದ ಬೆಸುಗೆ ಇದ್ದಲ್ಲಿ ಸಂಪರ್ಕ ಸಡಿಲವಾಗಿರಬಹುದು. ವಾಲ್ವುಗಳ ಬಗ್ಗೆ ಅತಿಯಾಗಿ ಚಿಂತಿಸಬೇಕಾಗಿಲ್ಲ. ಇಎಲ್ 34 ಮಾದರಿಯನ್ನು ಸ್ಲೊವಾಕಿಯ, ಚೀನಾ ಮೊದಲಾದ ದೇಶಗಳಲ್ಲಿ ಈಗಲೂ ತಯಾರಿಸುತ್ತಾರೆ. 7199 ಮಾತ್ರ ಅಷ್ಟು ಸುಲಭವಾಗಿ ಸಿಕ್ಕದು.

ಅಮೆರಿಕದ ವರ್ಧಕವನ್ನು ಭಾರತಕ್ಕೆ ತರಿಸುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಹರ್ಟ್ಸ್. ಇಲ್ಲಿಯದು 230 ವೋಲ್ಟು, 50 ಹರ್ಟ್ಸ್. ವೋಲ್ಟನ್ನು ಇಳಿಸಲು ಬೇರೊಂದು ಟ್ರಾನ್ಸ್‌ಫಾರ್ಮರು ಸಾಕು. ಆದರೆ ಆವೃತ್ತಿ ಹಾಗೆಯೇ ಉಳಿಯುತ್ತದೆ. ವೋಲ್ಟು ಬದಲಾಗದೆ ಆವೃತ್ತಿಯು 60ರಿಂದ 50ಕ್ಕೆ ಇಳಿದರೆ ಕಬ್ಬಿಣದೊಳಗಿನ ಕಾಂತ ಅಭಿವಾಹವು ಶೇಕಡ 20ರಷ್ಟು ಏರುತ್ತದೆ. 60 ಹರ್ಟ್ಸಿಗೆ ಮಾತ್ರ ರಚಿಸಿದ ಟ್ರಾನ್ಸ್‌ಫಾರ್ಮರು ಇದನ್ನು ತಾಳಲಾರದೆ ಕಾಯುತ್ತದೆ. ಆದುದರಿಂದ ಅದರ ಮೇಲಿನ ಬರಹವನ್ನು ಓದಿದ ಮೇಲೆಯೇ ಹಣ ಕೊಡತಕ್ಕದ್ದು.

ಪ್ರಾಣಕ್ಕೆ ಸಂಬಂಧಪಟ್ಟ ಮಾತು

ಈ ವರ್ಧಕದ ಒಳಗೆ 400 ವೋಲ್ಟಿಗೂ ಮೀರಿದ ಏಕಮುಖ ವಿಭವ ಇರುತ್ತದೆ. ಸ್ವಿಚ್ಚನ್ನು ಆರಿಸಿ, ತಂತಿಯನ್ನು ಕಿತ್ತರೂ ಕಂಡೆನ್ಸರುಗಳಲ್ಲಿ ವಿದ್ಯುದಂಶ ಉಳಿದಿರಬಹುದು. ಮೊದಲನೆಯ ಕಂಡೆನ್ಸರಿನ ಧಾರಕತೆ 30 ಮೈಕ್ರೊಫ್ಯಾರಡ್. 450 ವೋಲ್ಟಿನಲ್ಲಿ ಅದು ಹಿಡಿದಿಡುವ ಶಕ್ತಿ ಸುಮಾರು 3 ಜೌಲು. ಒಂದು ಕಿಲೋಗ್ರಾಂ ಕಲ್ಲು 30 ಸೆಂಟಿಮೀಟರು ಎತ್ತರದಿಂದ ಬಿದ್ದಾಗಿನ ಶಕ್ತಿಯಷ್ಟೇ ಇದು ಎನಿಸಬಹುದು. ಆದರೆ ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ ಹಾಯುವ ವಿದ್ಯುತ್ತು ಹೃದಯದ ಲಯವನ್ನೇ ಕೆಡಿಸಬಲ್ಲದು. ವರ್ಧಕವು ನಡೆಯುತ್ತಿರುವಾಗ ಮುಟ್ಟಿದರಂತೂ ಪ್ರವಾಹವು ಎಡೆಬಿಡದೆ ಹರಿಯುತ್ತದೆ.

ಕಂಡೆನ್ಸರನ್ನು ಬರಿದುಮಾಡಲು ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಕೆಟ್ಟ ಪದ್ಧತಿ. 10,000 ಓಮು, 10 ವಾಟಿನ ರೋಧಕಕ್ಕೆ ಹೊದಿಕೆಯುಳ್ಳ ಕ್ಲಿಪ್ಪುಗಳನ್ನು ಕಟ್ಟಿ ಅದರ ಮೂಲಕ ಹರಿಯಬಿಡಬೇಕು. ಆಗ ಕಾಲಸ್ಥಿರಾಂಕವು 0.3 ಸೆಕೆಂಡು, ಅದರ ಐದು ಪಟ್ಟು, ಎಂದರೆ ಒಂದೂವರೆ ಸೆಕೆಂಡಿನಲ್ಲಿ, 450 ವೋಲ್ಟು 3 ವೋಲ್ಟಿಗೆ ಇಳಿಯುತ್ತದೆ. ಆದರೂ ಲೆಕ್ಕವನ್ನು ನಂಬಿ ಕೈಯಿಡಕೂಡದು. ಪ್ರತಿಯೊಂದು ಕಂಡೆನ್ಸರಿಗೂ ವೋಲ್ಟ್ ಮಾಪಕವನ್ನು ಹಿಡಿದು ನೋಡಬೇಕು. ಬರಿದಾದ ಕಂಡೆನ್ಸರಿನಲ್ಲಿಯೂ ಸ್ವಲ್ಪ ಹೊತ್ತಿಗೆ ಕೊಂಚ ವಿಭವವು ತಾನಾಗಿ ಮರಳುವುದುಂಟು. ಆದುದರಿಂದ ಕೆಲಸ ಮುಗಿಯುವವರೆಗೆ ರೋಧಕವನ್ನು ತೆಗೆಯದಿರುವುದು ಲೇಸು. ಕಾಲೇಜಿನ ವಿದ್ಯಾರ್ಥಿಗಳು ಅನುಭವಿಯೊಬ್ಬರು ಪಕ್ಕದಲ್ಲಿಲ್ಲದೆ ಇಂಥ ಯಂತ್ರವನ್ನು ಬಿಚ್ಚಲೇಬಾರದು.

ಮುಪ್ಪಿನ ರೋಗಗಳು

ಅಟ್ಟದಲ್ಲಿ ದಶಕಗಳ ಕಾಲ ಬಿದ್ದಿದ್ದ ವರ್ಧಕವನ್ನು ಕೊಂಡವರಿಗೆ ಹುಟ್ಟುವ ಮೊದಲ ಆಸೆ, ಅದನ್ನು ಚಾಲೂ ಮಾಡಿ ನೋಡಬೇಕೆಂಬುದು. ಮಾಡಕೂಡದ ಮೊದಲ ಕೆಲಸವೂ ಅದೇ. ಕಾರಣಗಳನ್ನು ನೋಡೋಣ.

ಶೋಧಕ ಕಂಡೆನ್ಸರುಗಳಲ್ಲಿ ಎರಡು ಧ್ರುವಗಳನ್ನು ಬೇರ್ಪಡಿಸುವುದು ಅಲ್ಯುಮಿನಿಯಮ್ ಹಾಳೆಯ ಮೇಲೆ ಬೆಳೆಸಿದ ಆಕ್ಸೈಡಿನ ಪೊರೆ. ಅದರ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಒಂದು ಅಂಶಕ್ಕೂ ಕಡಿಮೆ. ಬಳಕೆಯಿಲ್ಲದಾಗ ಪೊರೆ ಸವೆಯುತ್ತದೆ, ಒಳಗಿನ ದ್ರವ ಒಣಗುತ್ತದೆ. ಇಂಥದಕ್ಕೆ ಒಮ್ಮೆಲೇ ಪೂರ್ಣ ವಿಭವವನ್ನು ಕೊಟ್ಟರೆ ಸೋರಿಕೆಯ ಪ್ರವಾಹದಿಂದ ಅದು ಕಾದು ಒಡೆಯಬಹುದು.

ಇದಕ್ಕಿಂತ ಗುಟ್ಟಾದ ರೋಗವು ಜೋಡಣೆಯ ಕಂಡೆನ್ಸರಿನದು. ಇದು 7199ರ ಕಡೆಯ ಸಂಜ್ಞೆಯನ್ನು ಇಎಲ್ 34ರ ಗ್ರಿಡ್ಡಿಗೆ ದಾಟಿಸಿ, ಏಕಮುಖ ವಿಭವವನ್ನು ತಡೆದು ನಿಲ್ಲಿಸಬೇಕು. ಹಳತಾದಾಗ ಅದು ಸೋರತೊಡಗುತ್ತದೆ. ಸೋರಿಕೆಯ ರೋಧ 1 ಕೋಟಿ ಓಮು ಎಂದಿಟ್ಟುಕೊಳ್ಳೋಣ. ಕೇಳಲು ಇದು ದೊಡ್ಡ ಸಂಖ್ಯೆ. ಸಾಮಾನ್ಯ ಮಾಪಕದಲ್ಲಿ ಕಂಡೆನ್ಸರು ಚೆನ್ನಾಗಿದೆಯೆಂದೇ ತೋರುತ್ತದೆ. ಗ್ರಿಡ್ಡಿನ ರೋಧಕ 2,70,000 ಓಮು. ಎರಡೂ ತುದಿಗಳ ವಿಭವಾಂತರ 230 ವೋಲ್ಟು ಎನ್ನೋಣ. ಓಮನ ನಿಯಮದಂತೆ ಗ್ರಿಡ್ಡಿನ ವಿಭವವು 6 ವೋಲ್ಟಿನಷ್ಟು ಧನದ ಕಡೆಗೆ ಸರಿಯುತ್ತದೆ. ವೋಲ್ಟೊಂದಕ್ಕೆ 6 ಮಿಲಿಆಂಪಿಯರಿನಂತೆ ಪ್ರವಾಹ ಏರಿದರೆ, 50 ಮಿಲಿಆಂಪಿಯರು ಇರಬೇಕಾದಲ್ಲಿ 86 ಆಗುತ್ತದೆ. 420 ವೋಲ್ಟಿನಲ್ಲಿ 21 ವಾಟಿನ ಬದಲು 36 ವಾಟು! ಇಎಲ್ 34ರ ಪ್ಲೇಟು ತಾಳಬಲ್ಲುದು 25 ವಾಟು ಮಾತ್ರ. ಪ್ಲೇಟು ಕೆಂಪಗೆ ಕಾಯುತ್ತದೆ, ವಾಲ್ವು ನಾಶವಾಗುತ್ತದೆ. ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರು ಸುಡಬಹುದು. ಅಲ್ಪ ಬೆಲೆಯ ಕಂಡೆನ್ಸರಿನಿಂದ ಇಡೀ ವರ್ಧಕವೇ ಹಾಳಾಗುವ ಬಗೆ ಇದು.

ಬಯಾಸನ್ನು ಒದಗಿಸುವ ಸೆಲೀನಿಯಮ್ ದಿಷ್ಟಕಾರಿಗೂ ಇದೇ ಗತಿ. ವಯಸ್ಸಾದಂತೆ ಅದರ ಒಳರೋಧ ಹೆಚ್ಚಿ ಬಯಾಸು ಕುಗ್ಗುತ್ತದೆ. ಪರಿಣಾಮವು ಮೇಲೆ ಹೇಳಿದಂತೆಯೇ. ಇಂಗಾಲದ ರೋಧಕಗಳು ತೇವವನ್ನು ಹೀರಿ ಬೆಲೆಯಲ್ಲಿ ಏರುತ್ತವೆ. ಆದುದರಿಂದ ಶೋಧಕ ಕಂಡೆನ್ಸರು, ಜೋಡಣೆಯ ಕಂಡೆನ್ಸರು, ಸೆಲೀನಿಯಮ್ ಇವನ್ನು ಹೊಸದಾಗಿ ಹಾಕುವುದೇ ವಿವೇಕ. ಸೆಲೀನಿಯಮಿನ ಜಾಗಕ್ಕೆ ಸಿಲಿಕಾನ್ ಡಯೋಡು ಸಲ್ಲುತ್ತದೆ. ರೋಧಕಗಳನ್ನು ಅಳೆದು, ಹೆಚ್ಚು ಸರಿದವನ್ನು ಮಾತ್ರ ಬದಲಿಸಿದರಾಯಿತು.

ಮೊದಲ ಸಲ ಚಾಲೂ ಮಾಡುವಾಗ

ಹೊಸ ಭಾಗಗಳನ್ನು ಹಾಕಿದ ಮೇಲೆಯೂ ಅವಸರ ಸಲ್ಲದು. ವರ್ಧಕದ ಸಾಲಿನಲ್ಲಿ 100 ವಾಟಿನ, ತಂತುವುಳ್ಳ ಹಳೆಯ ಮಾದರಿಯ ಬಲ್ಬೊಂದನ್ನು ಸೇರಿಸಬೇಕು. ಟಂಗ್‌ಸ್ಟನ್ ತಂತುವಿನ ರೋಧವು ತಣ್ಣಗಿದ್ದಾಗ ಕಡಿಮೆ. ಬೆಳ್ಳಗೆ ಕಾದಾಗ ಅದರ ಹತ್ತು ಪಟ್ಟಿಗೂ ಹೆಚ್ಚು. ಒಳಗೆಲ್ಲಾದರೂ ದೋಷವಿದ್ದು ಪ್ರವಾಹ ಮಿತಿಮೀರಿದರೆ ಬಲ್ಬು ಪ್ರಕಾಶವಾಗಿ ಉರಿದು ತಾನೇ ಅದನ್ನು ತಡೆಯುತ್ತದೆ. ಎಲ್‌ಇಡಿ ದೀಪಕ್ಕೆ ಈ ಗುಣವಿಲ್ಲ. ಸ್ಪೀಕರಿನ ಬದಲು 8 ಓಮಿನ ದೊಡ್ಡ ರೋಧಕವನ್ನು ಕಟ್ಟಿರಬೇಕು. ಹೊರೆಯಿಲ್ಲದೆ ಸಂಜ್ಞೆಯನ್ನು ಕೊಟ್ಟರೆ ಟ್ರಾನ್ಸ್‌ಫಾರ್ಮರಿನಲ್ಲಿ ಅತಿ ವೋಲ್ಟು ಹುಟ್ಟಿ ಅದರ ಹೊದಿಕೆಯೇ ಸೀಳಬಹುದು.

ಬಲ್ಬು ಮೊದಲು ಬೆಳಗಿ ಬಳಿಕ ಮಂಕಾದರೆ ಶುಭ ಸೂಚನೆ. ಆಗ ಬಲ್ಬನ್ನು ತೆಗೆದು ಬಯಾಸನ್ನು ಸರಿಹೊಂದಿಸಬೇಕು. ಪ್ರತಿ ಜೋಡಿ ಇಎಲ್ 34ರ ಕ್ಯಾಥೋಡುಗಳಿಂದ ಚಾಸಿಗೆ ಹೋಗುವ ದಾರಿಯಲ್ಲಿ 15.6 ಓಮಿನ ರೋಧಕವಿದೆ. ಅದರ ಎರಡು ತುದಿಗಳ ನಡುವೆ 1.56 ವೋಲ್ಟು ಬರುವಂತೆ ಮಾಡಬೇಕು. ಭಾಗಿಸಿದರೆ 0.1 ಆಂಪಿಯರು, ಎಂದರೆ ವಾಲ್ವಿಗೆ 50 ಮಿಲಿಆಂಪಿಯರು. ಆದರೆ ಇದು ಎರಡು ವಾಲ್ವುಗಳ ಮೊತ್ತ. ಒಂದರಲ್ಲಿ 70, ಇನ್ನೊಂದರಲ್ಲಿ 30 ಇದ್ದರೂ ಮಾಪಕವು ಅದೇ 1.56ನ್ನು ತೋರಿಸುತ್ತದೆ. ಪ್ರವಾಹಗಳು ಸಮವಾಗಿದ್ದರೆ ಮಾತ್ರ ಟ್ರಾನ್ಸ್‌ಫಾರ್ಮರಿನಲ್ಲಿ ಅವುಗಳ ಸ್ಥಿರ ಕಾಂತತ್ವವು ಪರಸ್ಪರ ಅಳಿಯುವುದು. ಹೊಂದುವ ಜೋಡಿಗಳನ್ನು ಆರಿಸಬೇಕೆನ್ನುವುದು ಇದಕ್ಕಾಗಿ. ಕೊನೆಗೆ 8 ಓಮಿನ ರೋಧಕದಲ್ಲಿ ಸುಮಾರು 16.7 ವೋಲ್ಟು ವಿಕಾರವಿಲ್ಲದೆ ದೊರೆತರೆ 35 ವಾಟು ಸಿಕ್ಕಿದಂತೆ.

ವಾಲ್ವಿನ ನಾದ

ವಾಲ್ವಿನ ಧ್ವನಿಗೆ ವಿಶೇಷ ಮಾಧುರ್ಯವಿದೆಯೆಂದೂ, ಅದು ಸಮ ಸಂಖ್ಯೆಯ ಅನುಸ್ವರಗಳನ್ನು ಸೇರಿಸುವುದೇ ಇದಕ್ಕೆ ಕಾರಣವೆಂದೂ ಹೇಳುವುದುಂಟು. ಒಂಟಿ ವಾಲ್ವಿನ ವರ್ಧಕಕ್ಕೆ ಈ ಮಾತು ಒಪ್ಪೀತು. ಆದರೆ ಸ್ಟೀರಿಯೊ 70ರಂತೆ ಜೋಡಿ ವಾಲ್ವುಗಳು ಎದುರುಬದುರಾಗಿ ಕೆಲಸಮಾಡುವಲ್ಲಿ ಆ ಜೋಡಿಯಲ್ಲಿ ಹುಟ್ಟುವ ಸಮ ಅನುಸ್ವರಗಳೇ ಬಹುಮಟ್ಟಿಗೆ ಅಳಿದುಹೋಗುತ್ತವೆ. ಮಿತಿಮೀರಿದಾಗ ಧ್ವನಿ ಮೆಲ್ಲನೆ ಮೊಂಡಾಗುವುದು, ಔಟ್‌ಪುಟ್ ರೋಧ ಟ್ರಾನ್ಸಿಸ್ಟರ್ ವರ್ಧಕಕ್ಕಿಂತ ಹೆಚ್ಚಾಗಿದ್ದು ಸ್ಪೀಕರಿನ ನಡೆಯನ್ನು ತುಸು ಬದಲಿಸುವುದು, ಇಂಥ ಅಳೆಯಬಹುದಾದ ಕಾರಣಗಳು ಬೇರೆ ಇವೆ. ಕಿವಿಯ ಮೆಚ್ಚುಗೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಕಾರಣವನ್ನು ಹೇಳುವಾಗ ಮಾತ್ರ ಅಳತೆಯ ಆಧಾರವಿರಬೇಕು.

ನಮ್ಮ ನಾಡಿಗೂ ವಾಲ್ವು ಪರಕೀಯವಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಅವುಗಳಿಂದ ಹಾಡುತ್ತಿದ್ದ ರೇಡಿಯೋಗಳು ಹಳೆಯ ಮನೆಗಳಲ್ಲಿ ಇನ್ನೂ ಇದ್ದಾವು. ಅವನ್ನು ತೆರೆಯಹೊರಡುವವರಿಗೆ ಒಂದು ಎಚ್ಚರಿಕೆ: ಟ್ರಾನ್ಸ್‌ಫಾರ್ಮರಿಲ್ಲದ ಎಸಿ-ಡಿಸಿ ಮಾದರಿಯ ರೇಡಿಯೋಗಳಲ್ಲಿ ಚಾಸಿಯೇ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರಬಹುದು. ಅಂಥವು ಹೊಸಬರಿಗೆ ತಕ್ಕವಲ್ಲ.

ವಾಲ್ವು ವರ್ಧಕದಲ್ಲಿ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಪ್ರತಿ ತಂತಿಯನ್ನೂ ಬೆರಳಿನಿಂದ ಗುರುತಿಸಿ ನಕ್ಷೆಯೊಡನೆ ಹೋಲಿಸಬಹುದು. ಹೀಗೆ ದುರಸ್ತಿ ಮಾಡಿದವರು ತಾವು ಕಂಡ ರೋಧ, ವಿಭವ, ಪ್ರವಾಹಗಳನ್ನೂ ಬದಲಿಸಿದ ಭಾಗಗಳನ್ನೂ ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಯಂತ್ರದ ಜೊತೆಗೇ ಇಡುವುದು ಒಳ್ಳೆಯ ವಾಡಿಕೆ. ಇನ್ನು ಮೂವತ್ತು ವರ್ಷಗಳ ಮೇಲೆ ಅದನ್ನು ಬಿಚ್ಚುವ ವಿದ್ಯಾರ್ಥಿಗೆ ಆ ಚೀಟಿಯು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು.