ಅರವತ್ತು ದಾಟಿದವರಿಗೆ ಬಾರ್ ಇಲ್ಲದ ಸೈಕಲ್

ಸೊಂಟ ಹಿಡಿದುಕೊಳ್ಳಲು ಶುರುವಾದ ಮೇಲೂ ಪೆಡಲ್ ತುಳಿಯುವುದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹಿಂದಿನಿಂದ ಕಾಲೆತ್ತಿ ಸೀಟು ದಾಟಿಸುವುದು. 28 ಇಂಚಿನ ಚಕ್ರದ ಹಳೆಯ ಕರಿ ಸೈಕಲ್ಲನ್ನು ಹತ್ತುವಾಗ ಎಡಗಾಲು ಪೆಡಲ್ ಮೇಲಿರುತ್ತದೆ, ಬಲಗಾಲು ಗಾಳಿಯಲ್ಲಿರುತ್ತದೆ, ಸೈಕಲ್ ಆಗಲೇ ಉರುಳತೊಡಗಿರುತ್ತದೆ. ಆ ಒಂದು ಕ್ಷಣ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಹಿಂದೆ ಕ್ಯಾರಿಯರ್‌ನಲ್ಲಿ ತರಕಾರಿ ಮೂಟೆಯಿದ್ದರೆ ಕಾಲನ್ನು ಇನ್ನೂ ಮೇಲೆತ್ತಬೇಕು. ಬಾಗಲೂರು ರಸ್ತೆಯಲ್ಲಿ ಲಾರಿ ಬಂತೆಂದು ತಟ್ಟನೆ ಇಳಿಯಬೇಕಾದಾಗಲೂ ಇದೇ ಪಾಡು.

ಇದಕ್ಕೆ ಪರಿಹಾರ ಮುಂದೆ ತಗ್ಗಾಗಿ ಬಾಗಿದ ಫ್ರೇಮು. ಸೀಟಿನ ಮುಂದಿನಿಂದಲೇ ಕಾಲು ದಾಟಿಸಿ ಹತ್ತಬಹುದು, ಪಂಚೆ ಉಟ್ಟವರಿಗೂ ತೊಡಕಿಲ್ಲ. ಅಂಗಡಿಯಲ್ಲಿ ಇದನ್ನು ಲೇಡೀಸ್ ಸೈಕಲ್ ಎನ್ನುತ್ತಾರೆ. ಅಷ್ಟಕ್ಕೇ ಸಂಕೋಚಪಟ್ಟು ಎಷ್ಟೋ ಗಂಡಸರು ಸೈಕಲ್ಲನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಹೊಸೂರಿನವರಿಗಂತೂ ಈ ಸಂಕೋಚ ಸಲ್ಲದು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇದೇ ಊರಿನ ಕಾರ್ಖಾನೆಯಿಂದ. ಅದರ ಮುಂಭಾಗವೂ ಹೀಗೇ ತಗ್ಗು. ಪಂಚೆಯುಟ್ಟ ರೈತರು ಅದರ ಮೇಲೆ ಮೂಟೆ ಹೇರಿಕೊಂಡು ತಳಿ, ಕೆಲಮಂಗಲದ ಕಡೆಯೆಲ್ಲ ಓಡಾಡಿದ್ದಾರೆ. ಅದನ್ನು ಹೆಂಗಸರ ಗಾಡಿ ಎಂದವರನ್ನು ನಾನು ಕಂಡಿಲ್ಲ.

ಆರಿಸುವಾಗ ನಾನು ಮೊದಲು ನೋಡುವುದು ಫ್ರೇಮಿನ ತೀರಾ ತಗ್ಗಾದ ಜಾಗವನ್ನು. ಅದು ಮೊಣಕಾಲಿಗಿಂತ ಚೆನ್ನಾಗಿ ಕೆಳಗಿರಬೇಕು. ಬಿಗಿತವನ್ನೂ ನೋಡಬೇಕು. ಮೇಲಿನ ಬಾರ್ ಇಲ್ಲದ ಫ್ರೇಮು ಭಾರ ಹೇರಿದಾಗ ಕೊಂಚ ತಿರುಚಿಕೊಳ್ಳುತ್ತದೆ. ಒಂದೇ ಕೊಳವೆಯದಕ್ಕಿಂತ ಜೋಡಿ ಕೊಳವೆಯ ಫ್ರೇಮು ಮೂಟೆ ಹೊರುವವರಿಗೆ ಒಳ್ಳೆಯದು.

ಸೀಟಿನ ಎತ್ತರದಲ್ಲಿ ಅವಸರ ಬೇಡ. ತೀರಾ ತಗ್ಗಿಸಿದರೆ ಕೂತಲ್ಲೇ ಎರಡೂ ಕಾಲು ನೆಲಕ್ಕೆ ಸಿಗುತ್ತವೆ ನಿಜ, ಆದರೆ ತುಳಿಯುವಾಗ ಮೊಣಕಾಲು ಅತಿಯಾಗಿ ಮಡಚಿ ನೋವು ಶುರುವಾಗುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ಒತ್ತಿದಾಗ ಕಾಲು ಬಹುತೇಕ ನೆಟ್ಟಗಾದರೆ ಎತ್ತರ ಸರಿಯಿದೆ. ನಿಲ್ಲಿಸುವಾಗ ಬ್ರೇಕ್ ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಎರಡೂ ಪಾದ ನೆಲಕ್ಕೂರಿ ನಿಲ್ಲಬೇಕು. ಮುಂದೆ ಬಾರ್ ಇಲ್ಲದ್ದರಿಂದಲೇ ಇದು ಸಲೀಸು. ನನಗೆ ಈ ಅಭ್ಯಾಸವಾದ ಮೇಲೆ ಸಿಗ್ನಲ್‌ನಲ್ಲಿ ನಿಲ್ಲುವ ಅಂಜಿಕೆ ಹೋಯಿತು.

ನಮ್ಮ ಸೀಮೆಯಲ್ಲಿ ಏರಿಳಿತ ಇದ್ದೇ ಇದೆ. ಗೇರ್ ಇದ್ದರೆ ಏರಿನಲ್ಲಿ ನಿಂತ ಸೈಕಲ್ಲನ್ನು ಹೊರಡಿಸಲು ಸುಲಭ. ಇಲ್ಲದಿದ್ದರೂ ಚಿಂತೆಯಿಲ್ಲ, ಏರಿನ ನಡುವೆ ಇಳಿದು ತಳ್ಳಿಕೊಂಡು ಹೋದರಾಯಿತು.

ಕೊಳ್ಳಲು ಹೋದಾಗ ದಿನಾ ಉಡುವ ಬಟ್ಟೆಯಲ್ಲೇ ಹೋಗಿ. ಕ್ಯಾರಿಯರ್ ಮೇಲೆ ಒಂದಿಷ್ಟು ಭಾರ ಇಡಿಸಿ. ಓಡಿಸಿ ನೋಡುವುದಕ್ಕಿಂತ ಹೆಚ್ಚು ಸಲ ಹತ್ತಿ ಇಳಿದು ನೋಡಿ, ಎಡಕ್ಕೂ ಬಲಕ್ಕೂ. ನಿರಾಯಾಸವಾಗಿ ಇಳಿಯಲು ಬಂದರೆ ಮಾತ್ರ ದುಡ್ಡು ಕೊಡಿ.