ಬೇಸ್ ಗಿಟಾರಿನ ಪೆಡಲುಗಳು: ಆಯ್ಕೆ ಮತ್ತು ಅನುಕ್ರಮ

ಕಾಲೇಜಿನ ವಾದ್ಯತಂಡಗಳಲ್ಲಿ ಬೇಸ್ ಗಿಟಾರನ್ನು ನುಡಿಸುವ ತರುಣರಲ್ಲಿ ಹಲವರಿಗೆ ಈ ಅನುಭವವಾಗಿರಬಹುದು. ಅಂಗಡಿಯಲ್ಲಿಯೋ ಮನೆಯ ಕೋಣೆಯಲ್ಲಿಯೋ ಒಬ್ಬರೇ ಕುಳಿತು ನುಡಿಸುವಾಗ ಹೊಸ ಪೆಡಲಿನ ಧ್ವನಿ ಸಿಂಹಗರ್ಜನೆಯಂತೆ ಕೇಳುತ್ತದೆ. ಅದೇ ಪೆಡಲನ್ನು ತಂಡದ ನಡುವೆ ಮೆಟ್ಟಿದೊಡನೆ ಬೇಸ್ ಮಾಯವಾಗಿ, ಹಾಡಿನ ತಳಪಾಯವೇ ಕುಸಿದಂತಾಗುತ್ತದೆ. ಪೆಡಲು ಕಳಪೆಯದೆಂದು ತೀರ್ಮಾನಿಸಿ, ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳಲು ಹೊರಡುವುದು ಮುಂದಿನ ಹೆಜ್ಜೆ. ಆ ಹಣವನ್ನು ಉಳಿಸುವುದಕ್ಕೆ ಬೇಕಾದ ಭೌತವಿಜ್ಞಾನ ಬಹಳವೇನಲ್ಲ. ತರಂಗಗಳನ್ನು ಕುರಿತು ಪ್ರೌಢಶಾಲೆಯಲ್ಲಿ ಕಲಿತ ಪಾಠವೂ ಸ್ವಲ್ಪ ಗಣಿತವೂ ಸಾಕು.

ಮೊದಲು ತಂತಿಯನ್ನು ನೋಡೋಣ. ಬೇಸ್ ಗಿಟಾರಿನ ನಾಲ್ಕು ತಂತಿಗಳಿಗೆ ಇ, ಎ, ಡಿ, ಜಿ ಎಂದು ಹೆಸರು. ಅವುಗಳ ಕಂಪನಸಂಖ್ಯೆ ಸೆಕೆಂಡಿಗೆ ಕ್ರಮವಾಗಿ ೪೧.೨, ೫೫, ೭೩.೪ ಮತ್ತು ೯೮. ಮನುಷ್ಯನ ಕಿವಿಗೆ ಕೇಳುವ ಸ್ವರಗಳ ಕೆಳಗಿನ ಮೇರೆ ಸುಮಾರು ೨೦ ಎಂಬುದನ್ನು ನೆನೆದರೆ, ಈ ವಾದ್ಯ ಎಷ್ಟು ಆಳದಲ್ಲಿ ಸಂಚರಿಸುತ್ತದೆ ಎಂಬುದು ತಿಳಿಯುತ್ತದೆ. ತಂತಿಯನ್ನು ಮೀಟಿದಾಗ ಈ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳೂ ಹುಟ್ಟುತ್ತವೆ. ಇ ತಂತಿಯಲ್ಲಿ ಅವು ೮೨.೪, ೧೨೩.೬, ೧೬೪.೮ ಎಂದು ಏರುತ್ತ ಹೋಗುತ್ತವೆ. ತಂತಿಯ ಕೆಳಗಿರುವ ಕಾಂತವೂ ತಂತಿಸುರುಳಿಯೂ ಸೇರಿ ಈ ಕಂಪನಗಳನ್ನೆಲ್ಲ ವಿದ್ಯುತ್ತರಂಗವಾಗಿ ಮಾರ್ಪಡಿಸುತ್ತವೆ. ಆ ತರಂಗ ಧ್ವನಿವರ್ಧಕವನ್ನು ಸೇರುವ ಮೊದಲು, ದಾರಿಯಲ್ಲಿ ಅದರ ರೂಪವನ್ನು ಬದಲಿಸುವ ಪುಟ್ಟ ಪೆಟ್ಟಿಗೆಯೇ ಪೆಡಲು.

ಪೆಡಲುಗಳ ಹೆಸರುಗಳು ಅಂಗಡಿಯವನಿಗೂ ಬಾಯಿಪಾಠವಾಗದಷ್ಟಿವೆ. ಆದರೆ ಅವು ಮಾಡುವ ಕೆಲಸವನ್ನು ನೋಡಿದರೆ, ಸ್ಥೂಲವಾಗಿ, ಎರಡೇ ಬಗೆ. ತರಂಗದಲ್ಲಿ ಇರುವ ಸ್ವರಗಳನ್ನೇ ಹೆಚ್ಚು ಕಡಮೆ ಮಾಡುವವು, ಇಲ್ಲವೆ ತಡಮಾಡಿ ಮತ್ತೆ ಕೇಳಿಸುವವು ಮೊದಲನೆಯ ಬಗೆ. ಈಕ್ವಲೈಸರ್ ಹಾಗೂ ಮಾರ್ದನಿಯ ಪೆಡಲುಗಳು ಇದಕ್ಕೆ ಸೇರುತ್ತವೆ. ತರಂಗದಲ್ಲಿ ಇಲ್ಲದ ಸ್ವರಗಳನ್ನು ಹೊಸದಾಗಿ ಹುಟ್ಟಿಸುವವು ಎರಡನೆಯ ಬಗೆ. ಫಜ್, ಓವರ್‌ಡ್ರೈವ್, ಡಿಸ್ಟಾರ್ಷನ್ ಎಂಬ ಹೆಸರಿನವೆಲ್ಲ ಇಂಥವು. ಮೊದಲನೆಯವನ್ನು ರೇಖೀಯವೆಂದೂ ಎರಡನೆಯವನ್ನು ಅರೇಖೀಯವೆಂದೂ ಕರೆಯುತ್ತಾರೆ.

ಈ ವಿಂಗಡಣೆ ಬರಿಯ ಪಂಡಿತರ ವಿನೋದವಲ್ಲ. ಒಂದು ಸಂಖ್ಯೆಯನ್ನು ಇಮ್ಮಡಿಸಿ ಬಳಿಕ ಮುಮ್ಮಡಿಸಿದರೂ, ಮುಮ್ಮಡಿಸಿ ಬಳಿಕ ಇಮ್ಮಡಿಸಿದರೂ ಉತ್ತರ ಒಂದೇ. ಆದರೆ ಮೂರನ್ನು ಇಮ್ಮಡಿಸಿ ವರ್ಗ ಮಾಡಿದರೆ ೩೬ ಬರುತ್ತದೆ; ವರ್ಗ ಮಾಡಿ ಇಮ್ಮಡಿಸಿದರೆ ೧೮ ಮಾತ್ರ. ಪೆಡಲುಗಳಿಗೂ ಇದೇ ನ್ಯಾಯ. ಈಕ್ವಲೈಸರನ್ನು ಮಾರ್ದನಿಯ ಹಿಂದೆ ಇಟ್ಟರೂ ಮುಂದೆ ಇಟ್ಟರೂ ಕಿವಿಗೆ ಭೇದ ತಿಳಿಯದು. ನಡುವೆ ಒಂದು ಫಜ್ ಬಂದಿತೋ, ಅದರ ಹಿಂದೆ ಇರುವುದಕ್ಕೂ ಮುಂದೆ ಇರುವುದಕ್ಕೂ ಅಜಗಜಾಂತರ. ಆದುದರಿಂದ ಪೆಡಲುಗಳ ಅನುಕ್ರಮವನ್ನು ನಿರ್ಧರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಅರೇಖೀಯವಾದದ್ದು ಎಲ್ಲಿದೆ?

ಫಜ್ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ನ್ಯಾಷ್‌ವಿಲ್ ನಗರದಲ್ಲಿ ೧೯೬೦ರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ‘ಡೋಂಟ್ ವರಿ’ ಎಂಬ ಹಾಡಿನ ಧ್ವನಿಮುದ್ರಣ ನಡೆಯುತ್ತಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಗಳ ಬೇಸ್ ಗಿಟಾರನ್ನು ನುಡಿಸುತ್ತಿದ್ದಾಗ ಮುದ್ರಣಯಂತ್ರದ ಒಂದು ಭಾಗ ಕೆಟ್ಟು, ಸ್ವರ ಗೊರಗೊರನೆ ಹರಿದು ಬಂದಿತು. ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ೧೯೬೧ರಲ್ಲಿ ಹಾಡು ಹೊರಬಂದು ಜನಪ್ರಿಯವಾಯಿತು. ಧ್ವನಿಮುದ್ರಣದ ಎಂಜಿನಿಯರಾದ ಗ್ಲೆನ್ ಸ್ನಾಡಿ ಆ ದೋಷವನ್ನು ಬೇಕೆಂದಾಗ ಉಂಟುಮಾಡುವ ವಿದ್ಯುನ್ಮಂಡಲವನ್ನು ರಚಿಸಿದನು. ೧೯೬೨ರಲ್ಲಿ ಗಿಬ್ಸನ್ ಸಂಸ್ಥೆ ಅದನ್ನು ‘ಮೇಸ್ಟ್ರೊ ಫಜ್-ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಗಿಟಾರಿನ ಸೊತ್ತೆಂದು ಇಂದು ಎಲ್ಲರೂ ಭಾವಿಸುವ ಫಜ್ ಮೊದಲು ಕೇಳಿಬಂದುದು ಬೇಸ್ ತಂತಿಯಲ್ಲಿಯೇ ಎಂಬುದು ಸೋಜಿಗವಲ್ಲವೆ?

ಅದರ ಕೆಲಸ ಸರಳವಾದದ್ದು. ತರಂಗವನ್ನು ಬಲುಮಟ್ಟಿಗೆ ಹಿಗ್ಗಿಸಿ, ಒಂದು ಮಿತಿಯನ್ನು ಮೀರಿದ ಭಾಗವನ್ನು ಕತ್ತರಿಸಿಬಿಡುತ್ತದೆ. ದುಂಡಗಿನ ಬೆಟ್ಟದ ನೆತ್ತಿಯನ್ನು ಕಡಿದು ಚಪ್ಪಟೆ ಮಾಡಿದ ಹಾಗೆ. ನಯವಾದ ಒಂದೇ ಸ್ವರದ ತರಂಗವನ್ನು ಮೇಲೆ ಕೆಳಗೆ ಸಮನಾಗಿ ಕತ್ತರಿಸಿದರೆ ಮೂರು, ಐದು, ಏಳರಷ್ಟಿನ ಉಪಸ್ವರಗಳು ಹುಟ್ಟುತ್ತವೆ. ಅಸಮವಾಗಿ ಕತ್ತರಿಸಿದರೆ ಎರಡು, ನಾಲ್ಕರಷ್ಟಿನವೂ ಸೇರಿಕೊಳ್ಳುತ್ತವೆ. ನಮ್ಮ ತಂಬೂರಿಯಲ್ಲಿ ಜೀವದ ದಾರವನ್ನು ಸರಿಹೊಂದಿಸಿದಾಗ ತಂತಿ ಕುದುರೆಯ ಬಾಗಿದ ಮೈಯನ್ನು ಮತ್ತೆ ಮತ್ತೆ ತಾಗಿ ಉಪಸ್ವರಗಳನ್ನು ಅರಳಿಸುವುದೂ ಅರೇಖೀಯ ಕ್ರಿಯೆಯೇ. ಆದರೆ ತಂಬೂರಿಯದು ಮಂದಹಾಸ, ಫಜ್‌ನದು ಅಟ್ಟಹಾಸ.

ಇನ್ನು ಬೇಸ್ ಮಾಯವಾಗುವುದೇಕೆ? ಕತ್ತರಿಸುವುದರಿಂದ ಮೂಲಸ್ವರ ಸತ್ತುಹೋಗುತ್ತದೆ ಎಂದು ವಾದಕರು ಹೇಳುವುದುಂಟು. ಲೆಕ್ಕ ಮಾಡಿ ನೋಡಿದರೆ ಇದು ಪೂರ್ತಿ ನಿಜವಲ್ಲ. ಸಂಪೂರ್ಣವಾಗಿ ಕತ್ತರಿಸಿ ಚೌಕಾಕಾರವಾದ ತರಂಗದಲ್ಲಿಯೂ ಒಟ್ಟು ಶಕ್ತಿಯ ನೂರಕ್ಕೆ ೮೧ ಪಾಲು ಮೂಲಸ್ವರದಲ್ಲಿಯೇ ಇರುತ್ತದೆ. ದೋಷವಿರುವುದು ನಮ್ಮ ಕಿವಿಯ ಸ್ವಭಾವದಲ್ಲಿ. ೪೦ ಕಂಪನಗಳ ಸ್ವರ ಕೇಳಿಸಬೇಕಾದರೆ, ೧೦೦೦ ಕಂಪನಗಳ ಸ್ವರಕ್ಕೆ ಸಾಕಾಗುವ ತೀವ್ರತೆಯ ಹತ್ತಾರು ಸಾವಿರ ಪಾಲು ಬೇಕಾಗುತ್ತದೆ. ಹಾಗಾಗಿ ಫಜ್ ಹುಟ್ಟಿಸಿದ ಮೇಲಿನ ಸ್ವರಗಳು ಶಕ್ತಿಯಲ್ಲಿ ಅಲ್ಪವಾದರೂ ಕಿವಿಯಲ್ಲಿ ಅಬ್ಬರಿಸುತ್ತವೆ. ವಾದಕನು, ಧ್ವನಿ ಜೋರಾಯಿತೆಂದು, ಪೆಡಲಿನ ಗುಂಡಿಯನ್ನು ತಿರುಗಿಸಿ ಮಟ್ಟವನ್ನು ತಗ್ಗಿಸುತ್ತಾನೆ. ಆಗ ಅಬ್ಬರದೊಡನೆ ಮೂಲಸ್ವರವೂ ತಗ್ಗುತ್ತದೆ. ಒಬ್ಬನೇ ಇರುವಾಗ ಇದು ತಿಳಿಯುವುದಿಲ್ಲ. ಉಪಸ್ವರಗಳನ್ನು ಕೇಳಿ ಮೂಲಸ್ವರವನ್ನು ಊಹಿಸಿಕೊಳ್ಳುವ ಶಕ್ತಿ ಕಿವಿಗಿದೆ. ತಂಡದಲ್ಲಿ ಗಿಟಾರುಗಳೂ ತಾಳದ ತಟ್ಟೆಗಳೂ ಅದೇ ಮೇಲಿನ ಪ್ರದೇಶವನ್ನು ಆಕ್ರಮಿಸಿ ಬೇಸಿನ ಉಪಸ್ವರಗಳನ್ನು ಮುಚ್ಚಿಬಿಡುತ್ತವೆ. ಕೆಳಗಿನದು ಮೊದಲೇ ತಗ್ಗಿದೆ, ಮೇಲಿನದು ಮುಚ್ಚಿಹೋಯಿತು, ಉಳಿಯುವುದೇನು?

ಇದರ ಮೇಲೆ ಇನ್ನೊಂದು ಕಾರಣವೂ ಸೇರುತ್ತದೆ. ಗಿಟಾರಿಗಾಗಿ ರಚಿಸಿದ ಮಂಡಲಗಳು ಆಳವಾದ ಸ್ವರಗಳನ್ನು ಬಾಗಿಲಲ್ಲಿಯೇ ತಡೆಯುತ್ತವೆ. ಐಬನೆಜ್ ಸಂಸ್ಥೆಯ ಪ್ರಸಿದ್ಧವಾದ ‘ಟ್ಯೂಬ್ ಸ್ಕ್ರೀಮರ್’ ಪೆಡಲಿನಲ್ಲಿ, ಹಿಗ್ಗಿಸುವ ಭಾಗದಲ್ಲಿ, ೪೭೦೦ ಓಮ್ ರೋಧವೂ ೦.೦೪೭ ಮೈಕ್ರೊಫ್ಯಾರಡ್ ಧಾರಕವೂ ಇವೆ. ರೋಧ, ಧಾರಕತೆ ಮತ್ತು ೨π ಇವುಗಳ ಗುಣಲಬ್ಧದಿಂದ ಒಂದನ್ನು ಭಾಗಿಸಿದರೆ ೭೨೦ ಬರುತ್ತದೆ. ಅಂದರೆ ಸೆಕೆಂಡಿಗೆ ೭೨೦ ಕಂಪನಗಳಿಗಿಂತ ಕೆಳಗೆ ಹೋದಷ್ಟೂ ಹಿಗ್ಗುವಿಕೆ ಕಡಮೆಯಾಗುತ್ತದೆ. ೪೧ರ ಸ್ವರ ಬಹುಮಟ್ಟಿಗೆ ಬಂದ ಗಾತ್ರದಲ್ಲಿಯೇ ಹೊರಗೆ ಹೋಗುತ್ತದೆ. ಮೇಲಿನವು ಹತ್ತಾರು ಪಟ್ಟು ಹಿಗ್ಗುತ್ತವೆ. ಗಿಟಾರಿಗೆ ಇದು ಗುಣ, ಬೇಸಿಗೆ ಅವಗುಣ. ಬೇಸಿಗೆಂದೇ ತಯಾರಾದ ಪೆಡಲುಗಳಲ್ಲಿ ಈ ಧಾರಕದ ಬೆಲೆಯನ್ನು ಹೆಚ್ಚಿಸಿರುತ್ತಾರೆ. ವ್ಯತ್ಯಾಸ ಅನೇಕವೇಳೆ ಇಷ್ಟೇ.

ಪರಿಹಾರ ಹಳೆಯದು. ಬೀಟಲ್ಸ್ ತಂಡ ೧೯೬೫ರಲ್ಲಿ ಮುದ್ರಿಸಿದ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿನಲ್ಲಿ ಪಾಲ್ ಮೆಕಾರ್ಟ್ನಿಯ ಬೇಸ್ ಎರಡು ಸಲ ಕೇಳುತ್ತದೆ: ಒಂದು ಫಜ್ ಹಾದು ಬಂದದ್ದು, ಇನ್ನೊಂದು ಶುದ್ಧವಾದದ್ದು. ತಳವನ್ನು ಶುದ್ಧವಾದ ಬೇಸ್ ಹೊತ್ತಿರುವುದರಿಂದ ಫಜ್ ತನ್ನ ಇಷ್ಟದಂತೆ ಕೂಗಾಡಬಹುದು. ಇಂದು ಇದೇ ಕೆಲಸವನ್ನು ಒಂದೇ ಪೆಡಲಿನಲ್ಲಿ ‘ಬ್ಲೆಂಡ್’ ಎಂಬ ಗುಂಡಿ ಮಾಡುತ್ತದೆ. ಶುದ್ಧ ತರಂಗವನ್ನೂ ಕತ್ತರಿಸಿದ ತರಂಗವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುತ್ತದೆ. ಒಂದೇ ಒಂದು ಫಜ್ ಕೊಳ್ಳುವಷ್ಟು ಹಣವಿರುವ ವಿದ್ಯಾರ್ಥಿ, ಹೆಸರಾಂತ ಪೆಡಲನ್ನು ಬಿಟ್ಟು ಈ ಗುಂಡಿಯಿರುವ ಸಾಧಾರಣ ಪೆಡಲನ್ನೇ ಆರಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಬೆರೆಸುವಾಗ ಒಂದು ಎಚ್ಚರಿಕೆ. ಕೆಲವು ಪೆಡಲುಗಳು ತರಂಗವನ್ನು ತಲೆಕೆಳಗು ಮಾಡಿ ಹೊರಗೆ ಕಳಿಸುತ್ತವೆ. ಒಂಟಿಯಾಗಿ ಕೇಳಿದರೆ ಇದು ಗೊತ್ತಾಗದು. ಶುದ್ಧ ತರಂಗದೊಡನೆ ಬೆರೆಸಿದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಹೊಂದಿ, ಮೂಲಸ್ವರಗಳು ಪರಸ್ಪರ ನುಂಗಿಕೊಳ್ಳುತ್ತವೆ. ಗುಂಡಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿ ನೋಡಿರಿ. ಎರಡು ಕೊನೆಗಳಲ್ಲಿಯೂ ತುಂಬಿದ ಧ್ವನಿಯಿದ್ದು ನಡುವೆ ಅದು ಟೊಳ್ಳಾದರೆ ಕಾರಣ ಇದೇ. ಡಿಜಿಟಲ್ ಪೆಡಲುಗಳಲ್ಲಿ ಲೆಕ್ಕಾಚಾರಕ್ಕೆ ಹಿಡಿಯುವ ಹೊತ್ತೂ ಸೇರುತ್ತದೆ. ೨ ಮಿಲಿಸೆಕೆಂಡು ತಡವಾದರೆ ೨೫೦ ಕಂಪನಗಳ ಸ್ವರ ಸರಿಯಾಗಿ ಅರ್ಧ ಆವರ್ತದಷ್ಟು ಹಿಂದೆ ಬಿದ್ದು, ಬೆರೆತಾಗ ಅಳಿಸಿಹೋಗುತ್ತದೆ.

ಈಗ ಅನುಕ್ರಮಕ್ಕೆ ಬರೋಣ. ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವ ಆಕ್ಟೇವ್ ಪೆಡಲು ಮೊದಲಿಗಿರಬೇಕು. ಜಪಾನಿನ ಬಾಸ್ ಸಂಸ್ಥೆ ೧೯೮೨ರಲ್ಲಿ ಹೊರತಂದ ‘ಓಸಿ-೨’ ಈ ಬಗೆಯಲ್ಲಿ ಹೆಸರುವಾಸಿಯಾದದ್ದು. ಇಂಥ ಪೆಡಲು ತರಂಗದ ಏರಿಳಿತಗಳನ್ನು ಎಣಿಸಿ, ಎರಡಕ್ಕೊಂದರಂತೆ ಬದಲಾಗುವ ತರಂಗವನ್ನು ರಚಿಸುತ್ತದೆ. ಎಣಿಸುವವನ ಮುಂದೆ ಗಲಾಟೆಯಾದರೆ ಲೆಕ್ಕ ತಪ್ಪುವುದಷ್ಟೆ. ಫಜ್‌ನ ಉಪಸ್ವರಗಳ ಗುಂಪನ್ನು ಅಥವಾ ಎರಡು ತಂತಿಗಳ ಸ್ವರವನ್ನು ಒಟ್ಟಿಗೆ ಕೊಟ್ಟರೆ ಅದು ತೊದಲುತ್ತದೆ. ಬಿಟ್ಟ ಇ ತಂತಿಯಲ್ಲಿ ಇದನ್ನು ಪ್ರಯೋಗಿಸುವುದು ವ್ಯರ್ಥ: ಹುಟ್ಟುವುದು ೨೦.೬ರ ಸ್ವರ, ಅದು ಕಿವಿಯ ಮೇರೆಯಲ್ಲಿಯೇ ಇದೆ. ಡಿ, ಜಿ ತಂತಿಗಳಲ್ಲಿ ನುಡಿಸಿದರೆ ಸೊಗಸು ತಿಳಿಯುತ್ತದೆ.

ಎರಡು ಸ್ವರಗಳ ಮಾತು ಬಂದುದರಿಂದ ಹೇಳುತ್ತೇನೆ. ಫಜ್‌ನೊಳಕ್ಕೆ ಎರಡು ಸ್ವರಗಳು ಒಟ್ಟಿಗೆ ಹೋದರೆ ಅವುಗಳ ಉಪಸ್ವರಗಳು ಮಾತ್ರವಲ್ಲದೆ, ಮೊತ್ತ ಮತ್ತು ವ್ಯತ್ಯಾಸಗಳ ಸ್ವರಗಳೂ ಹುಟ್ಟಬಲ್ಲವು. ೪೧.೨ರ ಷಡ್ಜವನ್ನೂ ಅದರ ಪಂಚಮವಾದ ೬೧.೭ನ್ನೂ ಕೂಡಿ ನುಡಿಸಿದರೆ ವ್ಯತ್ಯಾಸ ಸುಮಾರು ೨೦.೫, ಇದು ಷಡ್ಜದ ಕೆಳಗಿನ ಸ್ಥಾಯಿಯೇ ಆದುದರಿಂದ ಕೇಡಿಲ್ಲ. ಪಂಚಮದ ಬದಲು ಗಾಂಧಾರವನ್ನು, ಅಂದರೆ ೫೧.೯ನ್ನು, ಕೂಡಿಸಿದರೆ ವ್ಯತ್ಯಾಸ ೧೦.೭. ಇದು ಸ್ವರವಾಗಿ ಕೇಳದೆ, ಕಲಸಿಹೋದ ಗುರುಗುಟ್ಟುವಿಕೆಯಾಗುತ್ತದೆ. ಮಾರ್ದನಿಯ ಪೆಡಲನ್ನು ಫಜ್‌ನ ಹಿಂದೆ ಇಡಬಾರದೆಂಬ ರೂಢಿಗೂ ಇದೇ ಆಧಾರ: ಹಿಂದಿನ ಸ್ವರದ ಬಾಲವೂ ಹೊಸ ಸ್ವರವೂ ಒಟ್ಟಿಗೆ ಕತ್ತರಿಯೊಳಕ್ಕೆ ಹೋಗುತ್ತವೆ. ಮಾರ್ದನಿ ಸರಣಿಯ ಕೊನೆಯಲ್ಲಿರಲಿ. ಬೇಸಿಗೆ ಅದು ಅಪರೂಪಕ್ಕೆ ಸಾಕು.

ಮೀಟಿನ ಬಲಕ್ಕೆ ತಕ್ಕಂತೆ ಬಾಯಿ ತೆರೆದು ಮುಚ್ಚುವ ಸೋಸುವ ಪೆಡಲೊಂದಿದೆ. ೧೯೭೨ರಲ್ಲಿ ಬಂದ ‘ಮ್ಯೂ-ಟ್ರಾನ್ ೩’ ಇದರ ಮಾದರಿ. ಬೂಟ್ಸಿ ಕಾಲಿನ್ಸ್ ಎಂಬ ಬೇಸ್ ವಾದಕನ ಧ್ವನಿ ಇದರಿಂದಲೇ ಗುರುತಾಯಿತು. ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಈ ಪೆಡಲಿಗೆ ಮೀಟಿನ ಏರಿಳಿತ ಬೇಕು. ಫಜ್‌ನ ಅಥವಾ ಏರಿಳಿತವನ್ನು ಸಮಮಾಡುವ ಕಂಪ್ರೆಸರಿನ ಮುಂದೆ ಇಟ್ಟರೆ ಮಾತ್ರ ಅದು ಸಿಕ್ಕುತ್ತದೆ. ಆದರೆ ಸೋಸಲು ಉಪಸ್ವರಗಳೂ ಬೇಕು. ಅವು ಹೇರಳವಾಗಿ ಸಿಕ್ಕುವುದು ಫಜ್‌ನ ಬಳಿಕ. ಎರಡನ್ನೂ ಪ್ರಯತ್ನಿಸಿ ಕಿವಿಯಿಂದ ತೀರ್ಮಾನಿಸುವುದಲ್ಲದೆ ಇದಕ್ಕೆ ಸೂತ್ರವಿಲ್ಲ. ಕಂಪ್ರೆಸರಂತೂ ಹೆಚ್ಚು ಜನರಿಗೆ ಮೊದಲು ಕೊಳ್ಳತಕ್ಕ ಪೆಡಲು. ಅದರಲ್ಲಿ ಆಕರ್ಷಣೆ ಏನೂ ಇಲ್ಲದಿರುವುದರಿಂದ ಎಲ್ಲರೂ ಕೊನೆಗೆ ಕೊಳ್ಳುತ್ತಾರೆ. ಕೋರಸ್ ಪೆಡಲು ಸ್ವರವನ್ನು ತುಸು ಓಲಾಡಿಸುತ್ತದೆ. ಆಳದ ಸ್ವರ ಓಲಾಡಿದರೆ ತಂಡವೇ ಓಲಾಡಿದಂತೆ. ಮೇಲಿನ ಸ್ವರಗಳ ಮೇಲೆ ಮಾತ್ರ ಕೆಲಸಮಾಡುವಂಥದು ಮೇಲು.

ವಾದ್ಯವನ್ನು ಮೊದಲನೆಯ ಪೆಡಲಿಗೆ ಜೋಡಿಸುವ ತಂತಿಯನ್ನೂ ಮರೆಯಬಾರದು. ವಾದ್ಯದ ಸುರುಳಿಗೆ ಹೆನ್ರಿಗಟ್ಟಲೆ ಪ್ರೇರಕತೆಯಿದೆ, ಜೋಡಣೆಯ ತಂತಿಗೆ ಮೀಟರಿಗೆ ಸುಮಾರು ೧೦೦ ಪಿಕೊಫ್ಯಾರಡ್ ಧಾರಕತೆಯಿದೆ. ೪ ಹೆನ್ರಿಯ ಸುರುಳಿಗೆ ೬ ಮೀಟರ್ ತಂತಿಯನ್ನು ಜೋಡಿಸಿದರೆ ಅನುನಾದ ಸುಮಾರು ೩೨೦೦ ಕಂಪನಗಳಲ್ಲಿ ಬೀಳುತ್ತದೆ. ಅದರ ಮೇಲಿನದೆಲ್ಲ ಬೇಗನೆ ಕ್ಷೀಣಿಸುತ್ತದೆ. ಮೊದಲನೆಯ ಪೆಡಲಿನ ಒಳರೋಧ ಹತ್ತು ಲಕ್ಷ ಓಮ್‌ನಷ್ಟಿದ್ದರೆ ಕ್ಷೇಮ. ಇದಕ್ಕೆ ಅಪವಾದ, ೧೯೬೬ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಫಜ್ ಫೇಸ್’ ಮತ್ತು ಅದರ ವಂಶದವು. ಅವುಗಳ ಒಳರೋಧ ಬಹಳ ಕಡಮೆ. ವಾದ್ಯದ ಸುರುಳಿಯೂ ಆ ಮಂಡಲದ ಒಂದು ಅಂಗವಾಗಿಯೇ ವರ್ತಿಸುವುದರಿಂದ, ಅವನ್ನು ನೇರವಾಗಿ ವಾದ್ಯಕ್ಕೇ ಜೋಡಿಸಬೇಕು.

ಕೊನೆಯದಾಗಿ ವಿದ್ಯುತ್ತು. ಸಾಮಾನ್ಯವಾಗಿ ಪೆಡಲುಗಳಿಗೆ ೯ ವೋಲ್ಟ್ ಬೇಕು. ಧ್ರುವಗಳ ದಿಕ್ಕನ್ನು ಪೆಟ್ಟಿಗೆಯ ಮೇಲೆ ಗುರುತು ಮಾಡಿರುತ್ತಾರೆ. ಹಳೆಯ ಬಗೆಯ ಫಜ್‌ಗೆ ಕೆಲವೇ ಮಿಲಿಆಂಪಿಯರ್ ಸಾಕು. ಡಿಜಿಟಲ್ ಪೆಡಲು ನೂರಾರನ್ನು ಎಳೆಯಬಹುದು. ಎಲ್ಲವನ್ನೂ ಕೂಡಿಸಿ ನೋಡಿ, ಅದಕ್ಕಿಂತ ಹೆಚ್ಚು ಕೊಡಬಲ್ಲ ಸಾಧನವನ್ನು ಆರಿಸಬೇಕು. ಅಗ್ಗದ ಸಾಧನದಲ್ಲಿ ನಮ್ಮ ಮನೆಗಳ ೫೦ ಆವರ್ತಗಳ ವಿದ್ಯುತ್ತು ಪೂರ್ತಿಯಾಗಿ ನಯವಾಗದೆ, ೧೦೦ ಕಂಪನಗಳ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ. ಅದನ್ನು ಪತ್ತೆ ಹಚ್ಚಲು ಉಪಕರಣ ಬೇಕಾಗಿಲ್ಲ. ಬಿಟ್ಟ ಜಿ ತಂತಿಯ ಸ್ವರ ೯೮. ಅದನ್ನು ಮೆಲ್ಲನೆ ಮೀಟಿ ಕಿವಿಗೊಟ್ಟರೆ, ಗುಂಯ್‌ಗುಡುವಿಕೆ ಇದ್ದ ಪಕ್ಷದಲ್ಲಿ, ಧ್ವನಿ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುವುದು ಕೇಳುತ್ತದೆ. ಪೆಡಲುಗಳನ್ನು ಒಂದೊಂದಾಗಿ ಬ್ಯಾಟರಿಗೆ ಬದಲಿಸುತ್ತ ಹೋದರೆ, ಆ ಉಬ್ಬುತಗ್ಗು ಯಾವುದರಲ್ಲಿ ನಿಲ್ಲುತ್ತದೆಯೋ ಅದಕ್ಕೆ ಬೇರೆಯ ವಿದ್ಯುತ್ತನ್ನು ಒದಗಿಸಿದರಾಯಿತು.